8, 4, 2, 10: ಇದು ಯಾವ ಬಣ್ಣ?

ಕಂಪ್ಯೂಟರಿನ ಮೆಮೊರಿಯಲ್ಲಿ ಅಕ್ಕಪಕ್ಕ ನಾಲ್ಕು ಬೈಟುಗಳಿವೆ. ಅವುಗಳಲ್ಲಿರುವ ಅಂಕಿಗಳು 8, 4, 2, 10. ಇವು ಯಾವುದೋ ಚಿತ್ರದ ತುಣುಕು ಎಂದಷ್ಟೇ ಗೊತ್ತು. ಹಾಗಾದರೆ ಇದು ಯಾವ ಬಣ್ಣ? ಮೊದಲ ಮೂರು ಕೆಂಪು, ಹಸಿರು, ನೀಲಿ. ನಾಲ್ಕನೆಯದು ಆಲ್ಫಾ, ಅಂದರೆ ಚುಕ್ಕಿ ಎಷ್ಟು ಗಟ್ಟಿಯಾಗಿ ಕಾಣಬೇಕೆಂಬ ಅಳತೆ ಎಂದುಕೊಂಡರೆ, ಇದು ಹೆಚ್ಚುಕಡಿಮೆ ಕಪ್ಪು, ಅದೂ ಕಣ್ಣಿಗೆ ಬೀಳದಷ್ಟು ತೆಳು. ಬಣ್ಣದ ಅಂಕಿಗಳನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಟ್ಟಿದ್ದಾರೆ ಎಂದುಕೊಂಡರೆ ಅದೇ ನಾಲ್ಕು ಅಂಕಿ ಕಿತ್ತಳೆ ಬಣ್ಣದ ತೆಳು ಪದರವಾಗುತ್ತದೆ. ನೀಲಿ ಮೊದಲು, ಕೆಂಪು ಆಮೇಲೆ ಎಂದು ಓದಿದರೆ ಕಿತ್ತಳೆ ಹೋಗಿ ನೀಲಿ ಬರುತ್ತದೆ. ಬೂದು ಛಾಯೆಯ ಚಿತ್ರವಾಗಿದ್ದರೆ ಇಲ್ಲಿರುವುದು ನಾಲ್ಕು ಬೇರೆ ಬೇರೆ ಚುಕ್ಕಿಗಳು, ನಾಲ್ಕೂ ಕಡುಗಪ್ಪು. ಜಿಫ್ ಕಡತದ ಹಾಗೆ ಬಣ್ಣಗಳ ಪಟ್ಟಿ ಬೇರೆಯೇ ಇದ್ದರೆ ಇವು ಪಟ್ಟಿಯ ಕ್ರಮಸಂಖ್ಯೆಗಳು. ಪಟ್ಟಿ ಕೈಯಲ್ಲಿಲ್ಲದೆ ಏನೂ ಹೇಳಲಾಗದು. ಇನ್ನು ಇದು ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಆಗಿದ್ದರೆ ಎರಡೆರಡು ಬೈಟು, ಕಿರಿಯದು ಮೊದಲು ಎಂಬ ಕ್ರಮದಲ್ಲಿ, ಸೇರಿ ಒಂದೊಂದು ಅಂಕಿಯಾಗಿ 1032 ಮತ್ತು 2562 ಸಿಗುತ್ತವೆ. ಪ್ರತಿ ಅಂಕಿಯಿಂದ 1024 ಕಳೆಯಬೇಕು ಎಂದು ಕಡತದ ಆರಂಭದಲ್ಲಿ ಬರೆದಿದ್ದರೆ ಉಳಿಯುವುದು 8 ಮತ್ತು 1538. ಸಿ.ಟಿ. ಅಂಕಿಗಳನ್ನು ಅಳೆಯುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಹಾಗಾಗಿ ಮೊದಲನೆಯದು ನೀರಿಗೆ ಹತ್ತಿರದ ವಸ್ತು, ಎರಡನೆಯದು ಗಟ್ಟಿ ಮೂಳೆ.

ಇಷ್ಟೆಲ್ಲ ಆಗುವಾಗ ಒಂದು ಬೈಟೂ ಬದಲಾಗಲಿಲ್ಲ; ಬದಲಾದದ್ದು ಅವನ್ನು ಓದುವ ಕರಾರು. ಚಿತ್ರವೆಂದರೆ ಅಂಕಿಗಳ ದೊಡ್ಡ ಕೋಷ್ಟಕ, ಬೇಕಾದ ಮನೆಗೆ ಹೋಗಿ ಅಂಕಿ ತೆಗೆಯಬಹುದು, ಹಾಕಬಹುದು ಎಂಬ ತಿಳಿವಳಿಕೆ ಪ್ರೋಗ್ರಾಮಿಂಗ್ ಕಲಿಯುವವರಲ್ಲಿ ಬೇಗ ಬೇರೂರುತ್ತದೆ. ಆದರೆ ಡಿಜಿಟಲ್ ಚಿತ್ರದ ಇತಿಹಾಸದ ಮೊದಲ ದಿನವೇ ಅದು ಅಷ್ಟು ಸರಳವಾಗಿರಲಿಲ್ಲ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ತಮ್ಮ ಎಳೆಯ ಮಗನ ಫೋಟೊವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದಾಗ ಸಿಕ್ಕಿದ್ದು 176ಕ್ಕೆ 176, ಒಟ್ಟು 30,976 ಚುಕ್ಕಿಗಳು. ಪ್ರತಿ ಚುಕ್ಕಿಯೂ ಬರೀ 0 ಅಥವಾ 1. ಆ 1ಕ್ಕೆ ಬಿಳಿ ಎಂಬ ಅರ್ಥವಿರಲಿಲ್ಲ, ಇಂತಿಷ್ಟು ಮಿತಿಗಿಂತ ಈ ಜಾಗದಲ್ಲಿ ಬೆಳಕು ಹೆಚ್ಚಿದೆ ಎಂದಷ್ಟೇ ಇತ್ತು. ಬೂದು ಛಾಯೆ ಬೇಕೆಂದರೆ ಮಿತಿಯನ್ನು ಬದಲಿಸಿ ಬದಲಿಸಿ ಮತ್ತೆ ಸ್ಕ್ಯಾನ್ ಮಾಡಿ ಒಟ್ಟುಗೂಡಿಸಬೇಕಿತ್ತು. ಮಿತಿ ಎಷ್ಟೆಂದು ತಿಳಿಯದವನಿಗೆ ಆ ಮೂವತ್ತು ಸಾವಿರ ಅಂಕಿಗಳಿಂದ ಮಗುವಿನ ಕೆನ್ನೆ ಎಷ್ಟು ಬೆಳಗಿತ್ತು ಎಂದು ಗೊತ್ತಾಗುವಂತಿರಲಿಲ್ಲ. ಪಿಕ್ಸೆಲ್ ಎಂದು ಕರೆಯುವ ಈ ಚುಕ್ಕಿ ಅಂಕಿ ಮತ್ತು ಅದರ ಕರಾರು ಸೇರಿದ ಜೋಡಿ. ಕರಾರನ್ನು ಮರೆಮಾಡಿ ಅಂಕಿಯನ್ನಷ್ಟೇ ಕೈಗಿಡುವ ಗ್ರಾಫಿಕ್ಸ್ ಟೂಲ್‌ಕಿಟ್, ಅಂದರೆ ಪ್ರೋಗ್ರಾಂ ಬರೆಯುವವರು ಚಿತ್ರ ಬಿಡಿಸಲು ಬಳಸುವ ಸಿದ್ಧ ಸಲಕರಣೆ, ಬಳಸುವವನಿಗೆ ಉಪಕಾರ ಮಾಡುತ್ತಿಲ್ಲ ಎಂಬುದು ನನ್ನ ವಾದ. ಬಾಗಿಲಲ್ಲೇ ತಡೆದು ನಾಲ್ಕು ಪ್ರಶ್ನೆ ಕೇಳುವ ಟೂಲ್‌ಕಿಟ್ ಮೊದಮೊದಲು ಕಿರಿಕಿರಿ ಎನಿಸಿದರೂ ಸರಿಯಾದ ಕೆಲಸ ಮಾಡುತ್ತಿದೆ.

ಒಂದು ಟೂಲ್‌ಕಿಟ್‌ ಅನ್ನು ಹತ್ತಿರದಿಂದ ನೋಡೋಣ. ನಾರ್ವೆಯಲ್ಲಿ 1990ರ ದಶಕದಲ್ಲಿ ಹುಟ್ಟಿದ ಕ್ಯೂಟ್ ಇಂದು ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪಿನಿಂದ ಕಾರುಗಳ ಪರದೆಯವರೆಗೆ ಬಳಕೆಯಲ್ಲಿದೆ. ಚಿತ್ರವನ್ನು ಇಟ್ಟುಕೊಳ್ಳಲು ಅದು ಒಂದರ ಬದಲು ಎರಡು ಬಗೆಯ ಪೆಟ್ಟಿಗೆ ಕೊಡುತ್ತದೆ. ಕ್ಯೂಇಮೇಜ್ ಎಂಬುದು ಪಿಕ್ಸೆಲ್‌ಗಳನ್ನು ಓದಿ ಬರೆಯಲು. ಕ್ಯೂಪಿಕ್ಸ್‌ಮ್ಯಾಪ್ ಎಂಬುದು ಪರದೆಯ ಮೇಲೆ ತೋರಿಸಲು. ಎರಡನೆಯದರ ಪಿಕ್ಸೆಲ್ ನೇರವಾಗಿ ಮುಟ್ಟಲು ದಾರಿಯೇ ಇಲ್ಲ. ಮೊದಲು ಇಮೇಜ್ ಆಗಿ ಪರಿವರ್ತಿಸಿಕೊಳ್ಳಬೇಕು. ಹೊಸಬರು ಇದನ್ನು ಅನಗತ್ಯ ಸುತ್ತು ಎಂದುಕೊಳ್ಳುತ್ತಾರೆ. ಹಿನ್ನೆಲೆ ತಿಳಿದರೆ ಹಾಗೆನಿಸದು. ಯುನಿಕ್ಸ್ ಯಂತ್ರಗಳ ಎಕ್ಸ್ ವಿಂಡೊ ವ್ಯವಸ್ಥೆಯಲ್ಲಿ ತೋರಿಸುವ ಚಿತ್ರ ಇರುತ್ತಿದ್ದುದು ಪ್ರೋಗ್ರಾಮಿನ ಮೆಮೊರಿಯಲ್ಲಲ್ಲ, ಪರದೆಯನ್ನು ನಡೆಸುವ ಸರ್ವರಿನ ಬಳಿ. ಆ ಸರ್ವರ್ ಬೇರೆ ಕೋಣೆಯ ಬೇರೆ ಯಂತ್ರದಲ್ಲೂ ಇರಬಹುದಿತ್ತು. ಒಂದು ಚುಕ್ಕಿಯ ಬಣ್ಣ ಕೇಳುವುದೆಂದರೆ ಆಚೆ ಯಂತ್ರಕ್ಕೆ ಆಳು ಕಳಿಸಿ ಉತ್ತರ ಬರುವವರೆಗೆ ಕಾದಂತೆ. ಇಂದಿನ ಕ್ಯೂಟ್‌ನಲ್ಲಿ ಎಷ್ಟೋ ಕಡೆ ಪಿಕ್ಸ್‌ಮ್ಯಾಪ್‌ನ ಒಳಗೂ ಮಾಮೂಲಿ ಇಮೇಜೇ ಇರುತ್ತದೆ, ಹಾಗಾದರೆ ಈ ಎರಡು ಪೆಟ್ಟಿಗೆ ಹಳೆಯ ಕಾಲದ ಪಳೆಯುಳಿಕೆ ಅಲ್ಲವೇ ಎಂದು ಕೇಳಬಹುದು. ಅಲ್ಲ, ಆ ದೂರ ಮಾಯವಾಗಲಿಲ್ಲ, ಜಾಗ ಬದಲಿಸಿತು. ಈಗ ಪರದೆಗೆ ಹೋಗುವ ಚಿತ್ರ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿರುತ್ತದೆ. ಆ ಕಾರ್ಡಿಗೆ ಕೆಲಸ ಹೇಳುವ ಓಪನ್‌ಜಿಎಲ್‌ನಲ್ಲಿ ಅಲ್ಲಿಂದ ಪಿಕ್ಸೆಲ್ ವಾಪಸು ಓದಿಸಿಕೊಳ್ಳಬೇಕೆಂದರೆ, ಸರದಿಯಲ್ಲಿರುವ ಚಿತ್ರ ಬಿಡಿಸುವ ಎಲ್ಲ ಕೆಲಸ ಮುಗಿಯುವವರೆಗೆ ಸಾಮಾನ್ಯವಾಗಿ ಪ್ರೊಸೆಸರ್ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಪುಟದೊಳಗೆ ಚಿತ್ರ ಬಿಡಿಸಲು ವೆಬ್ ಬ್ರೌಸರ್ ಕೊಡುವ ಕ್ಯಾನ್ವಾಸ್‌ನಲ್ಲೂ ಇದೇ ತೊಡಕು. ಈ ಚಿತ್ರವನ್ನು ಪದೇ ಪದೇ ಓದುತ್ತೇನೆ ಎಂದು ಮೊದಲೇ ಹೇಳಿಬಿಡಲು ಅಲ್ಲಿ ಪ್ರತ್ಯೇಕ ಆಯ್ಕೆ ಇದೆ. ಹೇಳಿದರೆ ಬ್ರೌಸರ್ ಚಿತ್ರವನ್ನು ಕಾರ್ಡಿಗೆ ಕಳಿಸದೆ ಹತ್ತಿರದ ಮೆಮೊರಿಯಲ್ಲೇ ಇಟ್ಟುಕೊಳ್ಳಬಲ್ಲದು. ಎರಡು ಪೆಟ್ಟಿಗೆಯ ಕ್ಯೂಟ್ ಈ ಮಾತನ್ನು ಹೆಸರಿನಲ್ಲೇ ಹೇಳಿಸುತ್ತದೆ.

ಕರಾರಿನಲ್ಲಿ ಅತಿ ಹೆಚ್ಚು ಎಡವಿಸುವ ಅಂಶ ಬಣ್ಣಕ್ಕೆ ಸಂಬಂಧಿಸಿದ್ದಲ್ಲ, ಸಾಲಿನ ಉದ್ದಕ್ಕೆ ಸಂಬಂಧಿಸಿದ್ದು. ಬಹುಕಾಲ ಅಗ್ಗದ ಲ್ಯಾಪ್‌ಟಾಪ್‌ಗಳ ಪರದೆ 1366ಕ್ಕೆ 768 ಚುಕ್ಕಿಗಳದ್ದಾಗಿತ್ತು. ಆ ಪರದೆಯ ಚಿತ್ರವನ್ನು ಚುಕ್ಕಿಗೆ ಮೂರು ಬೈಟಿನಂತೆ ಕ್ಯೂಇಮೇಜ್‌ನಲ್ಲಿ ಇಟ್ಟೆವೆನ್ನಿ. ಒಂದು ಸಾಲಿಗೆ 1366ರ ಮೂರರಷ್ಟು, 4098 ಬೈಟು ಬೇಕು. ಆದರೆ ಪ್ರತಿ ಸಾಲೂ ನಾಲ್ಕರಿಂದ ಭಾಗವಾಗುವ ಜಾಗದಲ್ಲಿ ಶುರುವಾಗಬೇಕೆಂಬುದು ಕ್ಯೂಟ್‌ನ ನಿಯಮ. ಪ್ರೊಸೆಸರ್‌ಗಳು ಮೆಮೊರಿಯನ್ನು ನಾಲ್ಕು, ಎಂಟು ಬೈಟುಗಳ ಕಟ್ಟುಗಳಲ್ಲಿ ಸಲೀಸಾಗಿ ಎತ್ತುತ್ತವೆ ಎಂಬುದು ಅದರ ಹಿಂದಿನ ಕಾರಣ. ಹಾಗಾಗಿ ಸಾಲಿನ ಕೊನೆಗೆ ಅರ್ಥವಿಲ್ಲದ ಎರಡು ಬೈಟು ಸೇರಿ ನಿಜವಾದ ಉದ್ದ 4100 ಆಗುತ್ತದೆ. ಇದಕ್ಕೆ ಸ್ಟ್ರೈಡ್ ಎನ್ನುತ್ತಾರೆ. ಇದನ್ನು ಕೇಳಿ ತಿಳಿಯದೆ, ಸಾಲು 4098 ಎಂದು ತಾನೇ ಲೆಕ್ಕ ಹಾಕಿ ಓದುತ್ತಾ ಹೋದವನಿಗೆ ಎರಡನೇ ಸಾಲು ಎರಡು ಬೈಟು ಮೊದಲೇ ಶುರುವಾಗುತ್ತದೆ. ಕೆಂಪಿನ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ನೀಲಿ, ನೀಲಿಯ ಜಾಗಕ್ಕೆ ಪಕ್ಕದ ಚುಕ್ಕಿಯ ಕೆಂಪು ಬಂದು ಕೂರುತ್ತವೆ. ಮೂರನೇ ಸಾಲಿನಲ್ಲಿ ತಪ್ಪು ನಾಲ್ಕು ಬೈಟು; ಬಣ್ಣ ಇನ್ನೊಂದು ಸುತ್ತು ತಿರುಗುತ್ತದೆ. ನಾಲ್ಕನೇ ಸಾಲಿನಲ್ಲಿ ಆರು ಬೈಟು, ಸರಿಯಾಗಿ ಎರಡು ಚುಕ್ಕಿ. ಬಣ್ಣ ಮತ್ತೆ ಸರಿಹೋಗುತ್ತದೆ, ಆದರೆ ಸಾಲು ಎರಡು ಚುಕ್ಕಿ ಬಲಕ್ಕೆ ಸರಿದಿರುತ್ತದೆ. ಹೀಗೆ ಸಾಗಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ 1534 ಬೈಟು, ಅಂದರೆ ಸುಮಾರು 511 ಚುಕ್ಕಿಗಳ ಓರೆ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಗೋಪುರ ಎಬ್ಬಿಸುತ್ತಾರೆ. ಸಾಲಿಗೆ ಎರಡು ಎಳೆ ತಪ್ಪಿ ಎಣಿಸುತ್ತಾ ಹೋದರೆ ಗೋಪುರ ಹೇಗೆ ವಾಲುತ್ತದೋ ಇಲ್ಲಿ ಇಡೀ ಪರದೆ ಹಾಗೆ ವಾಲುತ್ತದೆ. ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಮೂರು ಸಾಲುಗಳಲ್ಲಿ ಕೆಂಪು, ಹಸಿರು, ನೀಲಿ ಒಂದೊಂದು ಮನೆ ಸುತ್ತಿರುವುದರಿಂದ ಆ ಮೂರು ಸಾಲುಗಳ ಸರಾಸರಿಯಲ್ಲಿ ಮೂರೂ ಬಣ್ಣ ಸಮವಾಗುತ್ತವೆ. ದೂರದಿಂದ ನೋಡಿದರೆ ವರ್ಣಚಿತ್ರ ಬೂದಿಯಂತೆ ಕಾಣುತ್ತದೆ.

ಈ ತಪ್ಪಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದು ಅಡಗಿ ಕೂರುವ ರೀತಿ. 640, 800, 1024, 1920 ಇವೆಲ್ಲ ನಾಲ್ಕರಿಂದ ಭಾಗವಾಗುವ ಅಗಲಗಳು. ಅಲ್ಲಿ ಹೆಚ್ಚುವರಿ ಬೈಟು ಇರುವುದೇ ಇಲ್ಲ. ಪರೀಕ್ಷೆಗೆ ಜನ ಇಟ್ಟುಕೊಳ್ಳುವ ಚಿತ್ರಗಳು ಸಾಮಾನ್ಯವಾಗಿ ಇದೇ ಅಳತೆಯವು. ಪ್ರೋಗ್ರಾಂ ಎಲ್ಲ ಪರೀಕ್ಷೆಯಲ್ಲಿ ಪಾಸಾಗಿ, ಯಾರದೋ ಊರಿನ ಯಾರದೋ 1366ರ ಪರದೆಯ ಮೇಲೆ ವಾಲಿ ಬೀಳುತ್ತದೆ. ಓದುವವನು ಮೆಮೊರಿಯ ಗಡಿ ದಾಟದೆ ಒಳಗೊಳಗೇ ತಪ್ಪುವುದರಿಂದ ಕಂಪ್ಯೂಟರ್ ದೂರು ಹೇಳುವುದೂ ಇಲ್ಲ. ಚಿತ್ರ ಬಿಡಿಸುವ ಕೈರೊ ಎಂಬ ಇನ್ನೊಂದು ಲೈಬ್ರರಿ ಇದಕ್ಕೆ ನೇರ ಉತ್ತರ ಕಂಡುಕೊಂಡಿದೆ. ನಿಮ್ಮದೇ ಮೆಮೊರಿ ಕೊಟ್ಟು ಚಿತ್ರ ಮಾಡಿಸಿಕೊಳ್ಳಬೇಕೆಂದರೆ, ಈ ಅಗಲಕ್ಕೆ ಸ್ಟ್ರೈಡ್ ಎಷ್ಟು ಎಂದು ಮೊದಲು ಅದನ್ನೇ ಕೇಳಬೇಕು, ಅದು ಹೇಳಿದ ಉದ್ದವನ್ನೇ ಬಳಸಬೇಕು. ಕ್ಯೂಟ್ ಈ ವಿಷಯದಲ್ಲಿ ಸ್ವಲ್ಪ ಸಡಿಲ. ಹೊರಗಿನ ಮೆಮೊರಿಯಿಂದ ಕ್ಯೂಇಮೇಜ್ ಕಟ್ಟುವಾಗ ಸಾಲಿನ ಉದ್ದ ಹೇಳುವ ದಾರಿಯೂ ಇದೆ, ಹೇಳದೆ ಬಿಡುವ ದಾರಿಯೂ ಇದೆ. ಹೇಳದಿದ್ದರೆ ಸಾಲುಗಳು ನಾಲ್ಕರ ಲೆಕ್ಕಕ್ಕೆ ಸರಿಹೊಂದಿವೆ ಎಂದು ಅದು ಭಾವಿಸಿಕೊಳ್ಳುತ್ತದೆ. ಕ್ಯಾಮೆರಾ ಕೊಟ್ಟ ಒತ್ತಾದ ಸಾಲುಗಳನ್ನು ಹಾಗೇ ಕೊಟ್ಟವನ ಚಿತ್ರ ಈ ಸಲ ಎಡಕ್ಕೆ ವಾಲುತ್ತದೆ. ಹೇಳದೆ ಬಿಡುವ ಆ ದಾರಿ ಇಲ್ಲದಿದ್ದರೆ ಚೆನ್ನಾಗಿತ್ತು.

ಬಣ್ಣಗಳ ಕ್ರಮದ ವಿಷಯವನ್ನು ಬೇಗ ಮುಗಿಸಬಹುದು, ಏಕೆಂದರೆ ಅದರ ತಪ್ಪು ಕಣ್ಣಿಗೆ ರಾಚುತ್ತದೆ. ಕ್ಯೂಟ್‌ನ 32 ಬಿಟ್ ರೂಪದಲ್ಲಿ ಆಲ್ಫಾ, ಕೆಂಪು, ಹಸಿರು, ನೀಲಿ ಸೇರಿ ಒಂದೇ ದೊಡ್ಡ ಅಂಕಿ. ಇಂದಿನ ಬಹುತೇಕ ಕಂಪ್ಯೂಟರುಗಳು ಅಂಕಿಯ ಕಿರಿಯ ಭಾಗವನ್ನು ಮೊದಲು ಬರೆಯುವುದರಿಂದ ಮೆಮೊರಿಯಲ್ಲಿ ಬೈಟುಗಳು ನೀಲಿ, ಹಸಿರು, ಕೆಂಪು, ಆಲ್ಫಾ ಎಂದು ತಲೆಕೆಳಗಾಗಿ ಕೂತಿರುತ್ತವೆ. ವಿಂಡೋಸ್‌ನ ಹಳೆಯ ಬಿಎಂಪಿ ಕಡತವೂ ನೀಲಿಯಿಂದಲೇ ಶುರು, ಸಾಲದ್ದಕ್ಕೆ ಅದರಲ್ಲಿ ಸಾಮಾನ್ಯವಾಗಿ ಕೆಳಗಿನ ಸಾಲು ಮೊದಲು ಬರುತ್ತದೆ. ಓಪನ್‌ಸಿವಿ ಲೈಬ್ರರಿ ನೀಲಿಯಿಂದ ಎಣಿಸುತ್ತದೆ, ಅದರ ಚಿತ್ರವನ್ನು ತೋರಿಸುವ ಎಷ್ಟೋ ಸಾಧನಗಳು ಕೆಂಪಿನಿಂದ. ಎರಡನ್ನೂ ಹಾಗೇ ಜೋಡಿಸಿದವರ ಪರದೆಯ ಮೇಲೆ ಮನುಷ್ಯರ ಮುಖ ನೀಲಿಗಟ್ಟಿದ್ದನ್ನು ಈ ಕ್ಷೇತ್ರದಲ್ಲಿ ನೋಡದವರಿಲ್ಲ. ಕಂಡ ಕೂಡಲೇ ಗೊತ್ತಾಗುವ ತಪ್ಪು ತಿದ್ದಿಕೊಳ್ಳಬಹುದಾದ ತಪ್ಪು.

ಆಲ್ಫಾದ ತಪ್ಪು ಹಾಗಲ್ಲ, ಅದು ನಿಧಾನವಾಗಿ ತಿನ್ನುತ್ತದೆ. ಚುಕ್ಕಿಯ ಜೊತೆ ಅದರ ಪಾರದರ್ಶಕತೆಯನ್ನೂ ಇಡುವ ಯೋಚನೆ 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಅವರದು. ಅದಕ್ಕೆ ಗಟ್ಟಿ ಗಣಿತ ಕೊಟ್ಟವರು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್, 1984ರಲ್ಲಿ. ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿಡಿ ಎಂದು ಅವರು ಹೇಳಿದ್ದಕ್ಕೆ ಬಲವಾದ ಕಾರಣವಿದೆ. ಸೇವಂತಿಗೆ ಹೂವೊಂದನ್ನು ಕತ್ತರಿಸಿ ಪಾರದರ್ಶಕ ಹಿನ್ನೆಲೆಯಲ್ಲಿ ಇಟ್ಟಿದ್ದೀರಿ. ಹಳದಿ ಚುಕ್ಕಿ 255, 255, 0, ಪೂರ್ತಿ ಗಟ್ಟಿ. ಪಕ್ಕದ ಕಾಣದ ಚುಕ್ಕಿ 0, 0, 0, ಆಲ್ಫಾ ಕೂಡ 0. ಚಿತ್ರ ಚಿಕ್ಕದು ಮಾಡುವಾಗ ಇವೆರಡರ ಸರಾಸರಿ ತೆಗೆದರೆ ಬಣ್ಣ 127, 127, 0, ಆಲ್ಫಾ 127. ಗುಣಿಸದ ಕರಾರಿನಲ್ಲಿ ಇದರ ಅರ್ಥ ಅರೆಪಾರದರ್ಶಕವಾದ ಮಂಕು ಹಳದಿ; ಹೂವಿನ ಅಂಚಿಗೆ ಕೊಳೆ ಮೆತ್ತಿದಂತೆ ಕಾಣುತ್ತದೆ. ಗುಣಿಸಿಟ್ಟ ಕರಾರಿನಲ್ಲಿ ಅದೇ ಅಂಕಿಗಳಿಗೆ ಅರೆಪಾರದರ್ಶಕವಾದ ಅಪ್ಪಟ ಹಳದಿ ಎಂದು ಅರ್ಥ. ಅಂಚು ಹೂವಿನ ಬಣ್ಣದಲ್ಲೇ ಕರಗುತ್ತದೆ. ಒಂದರ ಮೇಲೊಂದು ಚಿತ್ರ ಕೂರಿಸುವಾಗ ಪ್ರತಿ ಬಣ್ಣಕ್ಕೂ ಒಂದು ಗುಣಾಕಾರ ಉಳಿತಾಯವಾಗುತ್ತದೆ ಕೂಡ. ಹಾಗಾಗಿಯೇ ಕ್ಯೂಟ್‌ನಲ್ಲಿ ಚಿತ್ರಿಸಲು ಗುಣಿಸಿಟ್ಟ ರೂಪವೇ ಒಳ್ಳೆಯದೆಂಬ ಸಲಹೆ ಇದೆ, ಕೈರೊದ ಬಣ್ಣ-ಆಲ್ಫಾ ರೂಪ ಅದೊಂದೇ, ಬ್ರೌಸರುಗಳ ಕ್ಯಾನ್ವಾಸ್ ಸಾಮಾನ್ಯವಾಗಿ ಒಳಗೆ ಇಟ್ಟುಕೊಳ್ಳುವುದೂ ಅದನ್ನೇ.

ಆದರೆ ಕ್ಯಾನ್ವಾಸ್‌ನಿಂದ ಪಿಕ್ಸೆಲ್ ಓದಿದರೆ ಕೈಗೆ ಸಿಗುವುದು ಗುಣಿಸದ ರೂಪ. ಬರೆದಾಗ ಗುಣಿಸಿ ಒಳಗಿಡುತ್ತದೆ, ಓದಿದಾಗ ಭಾಗಿಸಿ ಹೊರಗೆ ಕೊಡುತ್ತದೆ. ಇಲ್ಲಿ ಏನಾಗುತ್ತದೆಂದು ಒಂದೇ ಚುಕ್ಕಿ ಹಿಡಿದು ನೋಡಿ. ಬಣ್ಣ 200, 100, 50. ಆಲ್ಫಾ 255ಕ್ಕೆ 10. ಗುಣಿಸಿ 255ರಿಂದ ಭಾಗಿಸಿದರೆ 7.84, 3.92, 1.96. ಬೈಟಿನಲ್ಲಿ ದಶಾಂಶಕ್ಕೆ ಜಾಗವಿಲ್ಲ. ಉಳಿಯುವುದು 8, 4, 2. ಆಲ್ಫಾದ 10 ಸೇರಿಸಿದರೆ ಮೊದಲ ಸಾಲಿನಲ್ಲಿ ಕಂಡ ನಾಲ್ಕು ಅಂಕಿ ಇವೇ. ಹಿಂದಕ್ಕೆ ಓದಿದರೆ 204, 102, 51, ಹತ್ತಿರವಿದೆ, ಅದಲ್ಲ. ಆಲ್ಫಾ 1 ಆಗಿದ್ದರೆ ಅದೇ ಬಣ್ಣ 1, 0, 0 ಆಗಿ ಮುದುಡಿ, ತಿರುಗಿ ಬರುವಾಗ 255, 0, 0 ಆಗುತ್ತದೆ: ಕಿತ್ತಳೆ ಇಟ್ಟವನಿಗೆ ಅಪ್ಪಟ ಕೆಂಪು. ಆಲ್ಫಾ 0 ಆದರೆ ಬಣ್ಣ ಪೂರ್ತಿ ಅಳಿಸಿಹೋಗುತ್ತದೆ. ಬರೆದದ್ದನ್ನು ಹಾಗೇ ಓದಿದರೂ ಅದೇ ಸಿಗುವ ಭರವಸೆಯಿಲ್ಲ ಎಂದು ಕ್ಯಾನ್ವಾಸ್‌ನ ಅಧಿಕೃತ ನಿರೂಪಣೆಯೇ ಎಚ್ಚರಿಸುತ್ತದೆ. ಪಾರದರ್ಶಕ ಚುಕ್ಕಿಗಳಲ್ಲಿ ಗುಟ್ಟಾಗಿ ಮಾಹಿತಿ ಇಡಲು ಹೊರಟವರು, ಚಿತ್ರವನ್ನು ಹತ್ತು ಸಲ ತೆಗೆದು ಹತ್ತು ಸಲ ಇಟ್ಟು ತಿದ್ದುವವರು ಇದನ್ನು ತಿಳಿದಿರಲೇಬೇಕು. ಗುಣಿಸಿಟ್ಟ ರೂಪ, ಗುಣಿಸದ ರೂಪ ಎರಡಕ್ಕೂ ಕ್ಯೂಟ್ ಬೇರೆ ಬೇರೆ ಹೆಸರಿಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ಪ್ರತ್ಯೇಕ ಹೆಜ್ಜೆಯನ್ನಾಗಿ ಮಾಡಿರುವುದು ನನಗೆ ಮೆಚ್ಚುಗೆ. ನಷ್ಟ ಎಲ್ಲಿ ಆಗುತ್ತದೆ ಎಂಬುದು ಬರೆದ ಸಾಲಿನಲ್ಲೇ ಕಾಣುತ್ತದೆ.

ಇದಕ್ಕೆಲ್ಲ ಮೊದಲ ಆಕ್ಷೇಪ ಸಹಜವಾದದ್ದು. ಸಾಮಾನ್ಯ ಬಳಕೆದಾರನಿಗೆ ಏಕೆ ಇಷ್ಟು ಹೊರೆ? ಇಂತಿಷ್ಟನೇ ಸಾಲಿನ ಇಂತಿಷ್ಟನೇ ಚುಕ್ಕಿಯ ಬಣ್ಣ ಹೇಳು, ಈ ಬಣ್ಣ ಹಾಕು ಎಂಬ ಎರಡೇ ಆಜ್ಞೆ ಕೊಟ್ಟು, ಸ್ಟ್ರೈಡ್, ಕ್ರಮ, ಗುಣಾಕಾರವನ್ನೆಲ್ಲ ಒಳಗೇ ನೋಡಿಕೊಂಡರೆ ಸಾಲದೇ? ಆ ಎರಡು ಆಜ್ಞೆ ಕ್ಯೂಟ್‌ನಲ್ಲಿ ಇವೆ, ಹತ್ತಾರು ಚುಕ್ಕಿಗಳ ಕೆಲಸಕ್ಕೆ ಅವೇ ಸಾಕು. ಆದರೆ ಫೋನಿನ ಸಾಧಾರಣ ಫೋಟೊ 4000ಕ್ಕೆ 3000 ಎಂದರೂ 1 ಕೋಟಿ 20 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೂ ಈ ಜಾಗ ಚಿತ್ರದೊಳಗಿದೆಯೇ, ಈ ಚಿತ್ರ ಯಾವ ರೂಪದ್ದು, ಇದರ ಮೆಮೊರಿಯನ್ನು ಇನ್ನಾರಾದರೂ ಹಂಚಿಕೊಂಡಿದ್ದಾರೆಯೇ ಎಂದು ಒಂದು ಕೋಟಿ ಇಪ್ಪತ್ತು ಲಕ್ಷ ಸಲ ಕೇಳುವುದು ದುಬಾರಿ. ಕ್ಯೂಟ್‌ನ ಕೈಪಿಡಿಯೇ ಹಾಗೆ ಎಚ್ಚರಿಸುತ್ತದೆ. ಸಾಲಿನ ವಿಳಾಸ ಒಮ್ಮೆ ಕೇಳಿ ಪಡೆದು ಉದ್ದಕ್ಕೂ ನಡೆದರೆ ಆ ಪ್ರಶ್ನೆಗಳು ಸಾಲಿಗೊಂದು ಸಲಕ್ಕೆ ಇಳಿಯುತ್ತವೆ. ನಡೆಯುವ ದಿಕ್ಕೂ ಮುಖ್ಯ. ಇಂದಿನ ಬಹುತೇಕ ಪ್ರೊಸೆಸರ್‌ಗಳು ಮೆಮೊರಿಯಿಂದ ಒಂದು ಸಲಕ್ಕೆ 64 ಬೈಟು ಎತ್ತಿಕೊಳ್ಳುತ್ತವೆ, ಅಂದರೆ ನಾಲ್ಕು ಬೈಟಿನ 16 ಚುಕ್ಕಿ. ಸಾಲಿನುದ್ದಕ್ಕೆ ಹೋದರೆ ಹದಿನಾರೂ ಉಪಯೋಗಕ್ಕೆ ಬರುತ್ತವೆ. ಮೇಲಿನಿಂದ ಕೆಳಕ್ಕೆ ಕಂಬ ಕಂಬವಾಗಿ ಇಳಿದರೆ ಪ್ರತಿ ಹೆಜ್ಜೆಗೂ 16,000 ಬೈಟು ಹಾರಬೇಕು, ಎತ್ತಿದ ಹದಿನಾರರಲ್ಲಿ ಒಂದನ್ನು ಬಳಸಿ ಹದಿನೈದನ್ನು ಬಿಟ್ಟು ಹೋಗಬೇಕು. ಎರಡು ಆಜ್ಞೆಗಳ ಸರಳ ಲೋಕದಲ್ಲಿ ಎರಡೂ ದಿಕ್ಕು ಒಂದೇ ಥರ ಕಾಣುತ್ತವೆ; ವ್ಯತ್ಯಾಸ ಕಾಯುವಾಗ ಗೊತ್ತಾಗುತ್ತದೆ. ವೇಗಕ್ಕಿಂತ ದೊಡ್ಡ ಉತ್ತರ ಮೇಲಿನ ಕಿತ್ತಳೆ ಚುಕ್ಕಿಯದು. ಮರೆಮಾಡಿದ ಮಾತ್ರಕ್ಕೆ ನಷ್ಟ ಆಗುವುದು ನಿಲ್ಲುವುದಿಲ್ಲ. ಯಾರ ಒಪ್ಪಿಗೆಯೂ ಇಲ್ಲದೆ ಆಗುತ್ತದೆ, ಅಷ್ಟೇ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ: ಈಗ ಯಾರು ಪಿಕ್ಸೆಲ್ ಮುಟ್ಟುತ್ತಾರೆ? ಚಿಕ್ಕದು ಮಾಡು, ಮಸುಕು ಮಾಡು, ತಿರುಗಿಸು ಎಂದರೆ ಲೈಬ್ರರಿ ಮಾಡುತ್ತದೆ, ಅದೂ ಗ್ರಾಫಿಕ್ಸ್ ಕಾರ್ಡಿನಲ್ಲಿ. ಸರಿಯೇ, ಆದರೆ ಲೈಬ್ರರಿಗೆ ಅಂಕಿ ಗೊತ್ತು, ಅದರ ಉದ್ದೇಶ ಗೊತ್ತಿಲ್ಲ. ಒಂದು ಕಪ್ಪು ಒಂದು ಬಿಳಿ ಚುಕ್ಕಿಯ ಚದುರಂಗ ಹಾಸನ್ನು ಚಿಕ್ಕದು ಮಾಡಿ ನೋಡಿ. 0 ಮತ್ತು 255ರ ಸರಾಸರಿ 127 ಅಥವಾ 128 ಎಂದು ಬಹುತೇಕ ಲೈಬ್ರರಿಗಳು ಕೊಡುತ್ತವೆ. ಆದರೆ 1990ರ ದಶಕದಿಂದ ಪರದೆಗಳು ಪಾಲಿಸುತ್ತಿರುವ ಎಸ್‌ಆರ್‌ಜಿಬಿ ಮಾನಕದಲ್ಲಿ ಅಂಕಿ ಬೆಳಕಿನ ನೇರ ಅಳತೆಯಲ್ಲ. 128 ಎಂದರೆ ಪೂರ್ಣ ಬೆಳಕಿನ ಸುಮಾರು ಶೇ 22 ಮಾತ್ರ. ದೂರದಿಂದ ನೋಡುವ ಕಣ್ಣಿಗೆ ಚದುರಂಗ ಹಾಸು ಅರ್ಧ ಬೆಳಕಿನದು, ಅದಕ್ಕೆ ಹೊಂದುವ ಅಂಕಿ 188. ಹಾಗಾಗಿ ಚಿಕ್ಕದಾದ ಚಿತ್ರ ಮೂಲಕ್ಕಿಂತ ಕಪ್ಪಿಡುತ್ತದೆ. ರಾತ್ರಿಯ ದೀಪಾವಳಿ ಫೋಟೊವನ್ನು ಹೀಗೆ ಕುಗ್ಗಿಸಿದಾಗ ಸಣ್ಣ ಹಣತೆಗಳು ಮಂಕಾಗುವುದು ಇದೇ ಕಾರಣಕ್ಕೆ. ಚಿತ್ರದ ಬಣ್ಣದ ಮಾನವನ್ನು ಅದರ ಜೊತೆಗೇ ಹೊತ್ತೊಯ್ಯುವ ಸೌಲಭ್ಯವನ್ನು ಕ್ಯೂಟ್ 5.14ನೇ ಆವೃತ್ತಿಯಲ್ಲಿ, 2019ರ ಕೊನೆಗೆ ಸೇರಿಸಿತು. ತಡವಾಗಿ ಬಂತು, ಆದರೂ ಸರಿಯಾದ ದಿಕ್ಕಿನಲ್ಲಿ ಬಂತು.

ಆಸ್ಪತ್ರೆಯ ಚಿತ್ರಗಳ ಬಳಿಗೆ ಹೋದರೆ ಈ ಮಾತು ಅಂದಚೆಂದದ್ದಾಗಿ ಉಳಿಯುವುದಿಲ್ಲ. ಸಿ.ಟಿ. ಚಿತ್ರಗಳಲ್ಲಿ ಸಾಮಾನ್ಯವಾಗಿ ಚುಕ್ಕಿಗೆ 12 ಬಿಟ್, 4096 ಮಟ್ಟಗಳು. ಎಂಟು ಬಿಟ್‌ನ ಮಾಮೂಲಿ ಇಮೇಜಿಗೆ ಸುರಿದರೆ ಹದಿನಾರು ಹದಿನಾರು ಮಟ್ಟಗಳು ಸೇರಿ ಒಂದಾಗುತ್ತವೆ. ಮೃದು ಅಂಗಾಂಶಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಅಷ್ಟರೊಳಗೇ ಮುಗಿದುಹೋಗುತ್ತದೆ. ವೈದ್ಯಕೀಯ ಚಿತ್ರಗಳ ಡೈಕಾಮ್ ಮಾನಕದಲ್ಲಿ ಬೂದು ಛಾಯೆಗೆ ಎರಡು ಕರಾರುಗಳಿವೆ. ಮಾನೊಕ್ರೋಮ್‌2 ಎಂದಿದ್ದರೆ ಅತಿ ಚಿಕ್ಕ ಅಂಕಿ ಕಪ್ಪು, ಮಾನೊಕ್ರೋಮ್‌1 ಎಂದಿದ್ದರೆ ಅದೇ ಅಂಕಿ ಬಿಳಿ. ಆ ಒಂದು ಪದ ಓದದೆ ಪಿಕ್ಸೆಲ್ ಎತ್ತಿದವನ ಪರದೆಯಲ್ಲಿ ಎದೆಯ ಎಕ್ಸ್‌ರೇ ತಿರುವುಮುರುವಾಗುತ್ತದೆ. ನುರಿತ ವೈದ್ಯರ ಕಣ್ಣು ಇದನ್ನು ಹಿಡಿಯಬಹುದು. ಅದೇ ಚಿತ್ರಗಳನ್ನು ಸಾವಿರಗಟ್ಟಲೆ ಓದಿ ಕಲಿಯುವ ಯಂತ್ರಕ್ಕೆ ತಿರುವುಮುರುವು ಎಂಬ ಅರಿವೇ ಇರುವುದಿಲ್ಲ. ಕೊಟ್ಟದ್ದನ್ನು ನಂಬಿ ಕಲಿಯುತ್ತದೆ. ಚಿತ್ರಗಳನ್ನು ಮನುಷ್ಯರಷ್ಟೇ ಅಲ್ಲ, ಯಂತ್ರಗಳೂ ನೋಡುತ್ತಿರುವ ಕಾಲ ಇದು. ಕಣ್ಣು ತಪ್ಪನ್ನು ಹಿಡಿಯುತ್ತದೆ ಎಂಬ ಹಳೆಯ ಭರವಸೆಯ ಮೇಲೆ ಟೂಲ್‌ಕಿಟ್ ಕಟ್ಟುವಂತಿಲ್ಲ.

ಬರೆಯುವುದು ಓದುವುದಕ್ಕಿಂತ ಹೆಚ್ಚು ಜವಾಬ್ದಾರಿಯ ಕೆಲಸ, ಏಕೆಂದರೆ ಅದೇ ಮೆಮೊರಿಯನ್ನು ಇನ್ನೊಬ್ಬರು ನಂಬಿಕೊಂಡಿರಬಹುದು. ಕೈರೊದಲ್ಲಿ ಪಿಕ್ಸೆಲ್ ಮುಟ್ಟುವ ಮುಂಚೆ ಚಿತ್ರ ಬಿಡಿಸುವ ಬಾಕಿ ಕೆಲಸವನ್ನೆಲ್ಲ ಮುಗಿಸು ಎನ್ನಬೇಕು, ಮುಟ್ಟಿದ ಮೇಲೆ ಇಷ್ಟು ಭಾಗ ಬದಲಾಗಿದೆ ಎಂದು ತಿಳಿಸಬೇಕು. ಕ್ಯೂಟ್‌ನಲ್ಲಿ ಒಂದು ಚಿತ್ರವನ್ನು ಇನ್ನೊಂದಕ್ಕೆ ನಕಲಿಸಿದರೆ ಆ ಕ್ಷಣಕ್ಕೆ ನಕಲು ಆಗುವುದೇ ಇಲ್ಲ. ಎರಡೂ ಒಂದೇ ಮೆಮೊರಿಯನ್ನು ಹಂಚಿಕೊಂಡಿರುತ್ತವೆ. ಬರೆಯುವ ಸಾಲಿನ ವಿಳಾಸ ಕೇಳಿದ ಕೂಡಲೇ ಅದು ನಿಜವಾದ ನಕಲು ತೆಗೆಯುತ್ತದೆ, ಮೇಲಿನ ಫೋಟೊಗಾದರೆ 4 ಕೋಟಿ 80 ಲಕ್ಷ ಬೈಟು. ಬರೀ ಓದಲು ಬಂದವನು ಬರೆಯುವ ಬಾಗಿಲಿನಿಂದ ಒಳಗೆ ಬಂದರೆ ಈ ಖರ್ಚು ದಂಡ. ಅದಕ್ಕೇ ಓದಲು ಮಾತ್ರ ಎಂಬ ಬೇರೆ ಬಾಗಿಲು ಇದೆ, ಅಲ್ಲಿ ನಕಲಿನ ಮಾತೇ ಇಲ್ಲ.

ಓದುವುದಕ್ಕೂ ಹಕ್ಕು ಬೇಕು ಎಂಬುದನ್ನು ತೋರಿಸಿಕೊಟ್ಟದ್ದು ಬ್ರೌಸರ್. ಬೇರೆ ತಾಣದ ಚಿತ್ರವನ್ನು ಆ ತಾಣದ ಅನುಮತಿಯಿಲ್ಲದೆ ಕ್ಯಾನ್ವಾಸ್ ಮೇಲೆ ಹಾಕಿದರೆ ಚಿತ್ರ ಕಾಣುತ್ತದೆ, ಪಿಕ್ಸೆಲ್ ಓದಲು ಹೋದರೆ ಬ್ರೌಸರ್ ನಿರಾಕರಿಸುತ್ತದೆ. ನೀವು ಲಾಗಿನ್ ಆಗಿರುವ ತಾಣದಿಂದ ನಿಮಗಷ್ಟೇ ಬರುವ ಚಿತ್ರವನ್ನು ಮತ್ತೊಂದು ತಾಣ ಕದ್ದು ಓದಬಾರದೆಂಬ ಕಾಳಜಿ ಅದು. ಇದರ ಆಚೆಗೂ ಒಂದು ಬಿರುಕು ಉಳಿದಿತ್ತು. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ವಿಭಾಗದ ಕೀಟನ್ ಮೊವರಿ ಮತ್ತು ಹೊವಾವ್ ಶಾಕಮ್ ತೋರಿಸಿದ್ದು ಇದು: ಕ್ಯಾನ್ವಾಸ್ ಮೇಲೆ ಅಕ್ಷರ ಬರೆಸಿ ಪಿಕ್ಸೆಲ್ ಓದಿದರೆ, ಫಾಂಟ್, ಕಾರ್ಡು, ಡ್ರೈವರುಗಳ ಸಣ್ಣ ವ್ಯತ್ಯಾಸಗಳು ಅಂಕಿಗಳಲ್ಲಿ ಮೂಡಿ ಯಂತ್ರದ ಗುರುತು ಹತ್ತುತ್ತದೆ. ಕನ್ನಡದ ಅಕ್ಷರಕ್ಕೂ ಇದು ಅನ್ವಯಿಸುತ್ತದೆ. ‘ಕ್ಷ್ಮ’ ಎಂದು ಬರೆಸಿದರೆ ವಿಂಡೋಸ್‌ನ ತುಂಗಾ, ಆಪಲ್‌ನ ಕನ್ನಡ ಸಂಗಮ್, ಆಂಡ್ರಾಯ್ಡ್‌ನ ನೋಟೊ ಸಾನ್ಸ್ ಮೂರೂ ಒತ್ತಕ್ಷರವನ್ನು ಬೇರೆ ಬೇರೆ ಎತ್ತರ, ಬೇರೆ ಬೇರೆ ತಿರುವಿನಲ್ಲಿ ಕೂರಿಸುತ್ತವೆ. ಅಂಚಿನ ಬೂದು ಚುಕ್ಕಿಗಳೇ ಸಾಕ್ಷಿ ಹೇಳುತ್ತವೆ. ಬಳಕೆದಾರರ ಗುರುತು ಮರೆಮಾಡುವ ಟಾರ್ ಬ್ರೌಸರ್ ಇದಕ್ಕೆ ತಡೆ ಹಾಕಿ, ಓದಲು ಬಂದ ತಾಣಕ್ಕೆ ಬಳಕೆದಾರರ ಅನುಮತಿ ಬೇಕೆಂದಿತು. ಪಿಕ್ಸೆಲ್ ಕೇಳಿದ ಕೂಡಲೇ ಕೊಡಬೇಕಾದ ಮುಗ್ಧ ಅಂಕಿ ಎಂದು ಭಾವಿಸಿದ್ದರ ಬೆಲೆ ಇದು.

ಉಳಿದದ್ದು ಕಲಿಯುವವರ ಪರವಾದ ಆಕ್ಷೇಪ. ಹೈಸ್ಕೂಲಿನ ಹುಡುಗಿಯೊಬ್ಬಳು ಪರದೆಯ ಮೇಲೆ ಬಣ್ಣದ ಅಲೆ ಎಬ್ಬಿಸಬೇಕೆಂದಿದ್ದಾಳೆ. ಅವಳಿಗೆ ಸ್ಟ್ರೈಡ್, ಆಲ್ಫಾ, ಎಸ್‌ಆರ್‌ಜಿಬಿ ಎಂದು ಮೊದಲ ದಿನವೇ ಹೇಳಿದರೆ ಪುಸ್ತಕ ಮುಚ್ಚಿ ಎದ್ದು ಹೋಗುತ್ತಾಳೆ. ಈ ಆಕ್ಷೇಪವನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಮೊದಲ ದಿನಕ್ಕೆ ಎರಡು ಸರಳ ಆಜ್ಞೆಗಳೇ ಸರಿ. ಒಪ್ಪದ ಕಾಲು ಪಾಲಿಗೆ ಆಧಾರ, ಕಲಿಯುವವರಿಗೆಂದೇ ಹುಟ್ಟಿದ ಪ್ರಾಸೆಸಿಂಗ್ ಎಂಬ ಸಾಧನ. ಕೇಸಿ ರಿಯಾಸ್ ಮತ್ತು ಬೆನ್ ಫ್ರೈ 2001ರಲ್ಲಿ ಎಂಐಟಿಯಲ್ಲಿ ಇದನ್ನು ಶುರು ಮಾಡಿದ್ದು ಕಲಾವಿದರಿಗಾಗಿ, ಪ್ರೋಗ್ರಾಮಿಂಗ್ ಗಂಧವಿಲ್ಲದವರಿಗಾಗಿ. ಅದರಲ್ಲಿ ಸ್ಟ್ರೈಡ್ ಇಲ್ಲ, ಸಾಲನ್ನು ಅಗಲದಿಂದ ಗುಣಿಸಿ ಅಡ್ಡ ಸ್ಥಾನ ಕೂಡಿಸಿದರೆ ಚುಕ್ಕಿ ಸಿಗುತ್ತದೆ. ಹತ್ತಾರು ತೊಡಕುಗಳನ್ನು ಅವರು ಕಿತ್ತು ಹಾಕಿದರು. ಆದರೆ ಪಿಕ್ಸೆಲ್‌ಗಳ ಪಟ್ಟಿಗೆ ಕೈ ಹಾಕುವ ಮುಂಚೆ ಲೋಡ್‌ಪಿಕ್ಸೆಲ್ಸ್, ಬದಲಿಸಿದ ಮೇಲೆ ಅಪ್‌ಡೇಟ್‌ಪಿಕ್ಸೆಲ್ಸ್ ಎಂಬ ಎರಡು ಸಾಲನ್ನು ಉಳಿಸಿಕೊಂಡರು. ಪಾಠ ಮಾಡುವವರು ಅಲ್ಲಿ ಅರ್ಧ ನಿಮಿಷ ನಿಲ್ಲಬೇಕಾಗುತ್ತದೆ: ಪರದೆಯ ಮೇಲಿನ ಚಿತ್ರ ಬೇರೆ, ನಿನ್ನ ಕೈಯಲ್ಲಿರುವ ಅಂಕಿಗಳು ಬೇರೆ, ಅಲ್ಲಿಂದ ತರಿಸಿಕೊಂಡು ಮತ್ತೆ ಅಲ್ಲಿಗೇ ಕಳಿಸುತ್ತಿದ್ದೀಯ. ಎರಡನೆಯ ಸಾಲನ್ನು ಬರೆಯಲು ಮರೆತ ಹುಡುಗಿಯ ಪರದೆಯ ಮೇಲೆ ಅಲೆ ಏಳುವುದಿಲ್ಲ. ಅವಳು ಪ್ರೋಗ್ರಾಮನ್ನು ಮೇಲಿನಿಂದ ಓದಿಕೊಂಡು ಬಂದು, ಬಿಟ್ಟುಹೋದ ಸಾಲನ್ನು ಸೇರಿಸಿ, ಮತ್ತೊಮ್ಮೆ ಓಡಿಸುತ್ತಾಳೆ.